ತಟ್ಟೆಯಡಿಯ ಅಳತೆ

ಮೇಸ್ತ್ರಿಗಳೇ,

ನಿಮ್ಮ ಇಲಿಯ ನಮಸ್ಕಾರ. ಅಕ್ಷರ ಸೊಟ್ಟಗಿದೆ ಅಂತ ಬಯ್ಯಬೇಡಿ. ಐದನೇ ಕ್ಲಾಸಿಗೇ ಪುಸ್ತಕ ಮಡಚಿಟ್ಟವಳು ನಾನು, ನಿಮಗೆ ಗೊತ್ತು. ಆದರೆ ಈ ಸೊಟ್ಟಕ್ಕೆ ಬೇರೆ ಕಾರಣ ಇದೆ. ಅದನ್ನು ಬರೆಯುತ್ತಾ ಹೇಳುತ್ತೇನೆ.

ನೀವು ಹೋಗಿ ಹದಿನಾಲ್ಕು ತಿಂಗಳಾಯಿತು. ಕಿಟಕಿ ಪಕ್ಕದ ನಿಮ್ಮ ಸ್ಟೂಲು ಅಲ್ಲೇ ಇದೆ. ಎಣ್ಣೆಯ ಕಲೆಯ ಏಪ್ರನ್ನು ಅದೇ ಮೊಳೆಯಲ್ಲಿ ತೂಗುತ್ತಿದೆ. ಅಕ್ಕ ಮುಂದೆ ಕೂತು ಬಂದೂಕಿನ ಅಂಗಡಿ ನೋಡಿಕೊಳ್ಳುತ್ತಾರೆ. ನಿಮ್ಮ ಮಗಳಲ್ಲವೇ, ನಿಮ್ಮ ಹಾಗೆಯೇ ಕಡಿಮೆ ಮಾತು, ಜಾಸ್ತಿ ಹುಬ್ಬು. ನಾನು ಹಿಂದೆ ಕೂತು ಮರ ಕೆತ್ತುತ್ತೇನೆ. ಭುಜಕ್ಕೂ ಕೆನ್ನೆಗೂ ತಾಗುವ ರೈಫಲ್ಲಿನ ಹಿಡಿಯನ್ನು ನಾವಿಬ್ಬರೂ ಬರೀ ಮರ ಅಂತಲೇ ಕರೆಯುತ್ತಿದ್ದೆವು. "ಉಕ್ಕನ್ನ ಯಾರು ಬೇಕಾದ್ರೂ ಕೊಂಡ್ಕೊಬಹುದು ಇಲಿ, ಮರ ಮಾತ್ರ ಅಂಗಿ ಥರ ಹೊಲಿಸ್ಕೊಬೇಕು" ಅನ್ನುತ್ತಿದ್ದಿರಿ.

ಶನಿವಾರದ ಬೆಂಚು ಈಗಲೂ ತುಂಬುತ್ತದೆ. ಗುರಿ ಕ್ಲಬ್ಬಿನವರು ಟೀ ಲೋಟ ಹಿಡಿದು ಕೂರುತ್ತಾರೆ. ಮೊದಲನೇ ರೈಫಲ್ ಕೊಳ್ಳಲು ಬಂದವರು ಸಿಕ್ಕರೆ ಮುಗಿಯಿತು, ತಲೆಗೊಂದು ಬುದ್ಧಿವಾದ. ಒಬ್ಬರು ಹಗುರದ್ದು ತಗೋ ಅಂದರೆ ಇನ್ನೊಬ್ಬರು ಭಾರದ್ದು ತಗೋ ಅನ್ನುತ್ತಾರೆ. ಎಲ್ಲರಿಗಿಂತ ದೊಡ್ಡ ದನಿ ನಿಮ್ಮ ಗೆಳೆಯ ತೋಪು ಮಾವನದು. "ಸರಿಯಾಗಿ ಕೂರದ ಚಪ್ಪಲಿ ಕಚ್ಚುತ್ತೆ. ಸರಿಯಾಗಿ ಕೂರದ ರೈಫಲ್ ಒದೆಯುತ್ತೆ. ಹೆಂಡ್ತಿ ವಿಷಯ ನಾನು ಹೇಳಲ್ಲಪ್ಪ, ಮನೆಗೆ ಹೋಗ್ಬೇಕು" ಅಂತ ಪ್ರತಿ ವಾರ ಅದೇ ಜೋಕು. ಪ್ರತಿ ವಾರ ಅವರೇ ಮೊದಲು ನಗುತ್ತಾರೆ.

ಅಳತೆ ನೋಡುವ ನಿಮ್ಮ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಮೊದಲು ಗುಂಡು ಸಿಡಿಸುವ ಬೋಲ್ಟು ಪೂರ್ತಿ ಹೊರಗೆ ಬರಬೇಕು, ಗಿರಾಕಿಯ ಸ್ವಂತ ಜೇಬಿಗೆ ಹೋಗಬೇಕು. ನಳಿಗೆಯ ತೂತಿನಲ್ಲಿ ಬೆಳಕು ಕಾಣಬೇಕು. ಆಮೇಲೆ ಗಿರಾಕಿ ಗೋಡೆಯ ಕಪ್ಪು ಚುಕ್ಕೆಗೆ ಎದುರು ನಿಂತು, ಕಣ್ಣು ಮುಚ್ಚಿ, ರೈಫಲ್ ಎತ್ತಿ ಭುಜಕ್ಕಿಟ್ಟು, ಕೆನ್ನೆ ಒರಗಿಸಿ, ಕಣ್ಣು ತೆರೆಯಬೇಕು. ಅವರ ಕಣ್ಣು, ನಳಿಗೆಯ ತುದಿಯ ಮಣಿ, ಚುಕ್ಕೆ, ಮೂರೂ ಒಂದೇ ಗೆರೆಯಲ್ಲಿ ಕೂತರೆ ಮರ ಅವರದು. ಚುಕ್ಕೆಯ ಮುಂದೆ ನಿಂತು ಗಿರಾಕಿಯ ಕಣ್ಣನ್ನು ನೀವು ನೋಡುತ್ತಿದ್ದಿರಿ. ಈಗ ಅಕ್ಕ ನಿಲ್ಲುತ್ತಾರೆ. ಗಿರಾಕಿ ಮೊಣಕೈ ಇಳಿಬಿಟ್ಟರೆ ನೀವು ಬಂದು ಎರಡು ಬೆರಳಿಂದ ಅದನ್ನು ಮೆಲ್ಲಗೆ ಮೇಲೆತ್ತುತ್ತಿದ್ದಿರಿ. ಅಕ್ಕ ಹಾಗೆ ಮಾಡುವುದಿಲ್ಲ. "ಮೊಣಕೈ" ಅಂತ ಬಾಯಲ್ಲಿ ಹೇಳುತ್ತಾರೆ, ಅಷ್ಟೆ.

ಈಗ ಆ ರೈಫಲ್ಲಿನ ವಿಷಯ.

ನೀವು ಹೋದ ಮೇಲೆ ನಿಮ್ಮ ಮೇಜಿನ ಕೆಳಗೆ ಹಳೇ ಹಾಸಿಗೆ ಬಟ್ಟೆಯಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಅಕ್ರೋಟಿನ ಮರ. ಅದರ ಮೇಲಿನ ಗೆರೆಗಳು ಹೊಗೆ ಸುಳಿದ ಹಾಗಿದ್ದವು. ಆರ್ಡರ್ ಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲ. ಉದ್ದ ಬಹಳ ಕಮ್ಮಿ. ಅದಕ್ಕಿಂತ ವಿಚಿತ್ರ, ಬಾಗು ಎಡಕ್ಕೆ. ನಾವು ಮಾಡುವ ಮರವೆಲ್ಲ ಕೂದಲಷ್ಟು ಬಲಕ್ಕೆ ಬಾಗಿರುತ್ತದೆ, ಬಲಗೆನ್ನೆ ಒರಗಿಸುವವರಿಗೆ ಹಾಗಿದ್ದರೇ ಸರಿ. ನಿಮ್ಮ ಕಣ್ಣಿಗೆ ಪೊರೆ ಬಂದಿತ್ತಲ್ಲ, ಎಡ ಬಲ ತಪ್ಪಿರಬೇಕು ಅಂದುಕೊಂಡೆವು. ಅಕ್ಕ ಅದನ್ನು ಗೋಡೆಯ ಗಾಜಿನ ಕಪಾಟಿನಲ್ಲಿಟ್ಟರು.

ಮೊದಲು ಕೇಳಿದವರು ಹಲ್ಲಿನ ಡಾಕ್ಟರು. ಮರದ ಚಂದಕ್ಕೆ ಸೋತು ಹೋದರು. ಬೋಲ್ಟು ಜೇಬಿಗಿಟ್ಟು, ಕಣ್ಣು ಮುಚ್ಚಿ ಎತ್ತಿದರು, ತೆರೆದರು. ನಳಿಗೆ ಚುಕ್ಕೆಯ ಕಡೆ ಇರಲಿಲ್ಲ. ಎಡಕ್ಕೆ ಐದು ಹೆಜ್ಜೆ ದೂರದಲ್ಲಿ, ನನ್ನ ಮೇಜಿನ ಕಡೆ ಇತ್ತು. ಟೇಪು ಹಿಡಿದು ನಿಂತಿದ್ದ ನನ್ನ ಎದೆಗೆ ನೇರವಾಗಿ. "ಡಾಕ್ಟ್ರೇ, ಹಲ್ಲು ಕೀಳಿಸೋಕೆ ಅಂಜಿ ಓಡಿಹೋದ ಪೇಷೆಂಟಾ ಈ ಹುಡುಗಿ?" ಅಂದರು ತೋಪು ಮಾವ. ಬೆಂಚೆಲ್ಲ ನಕ್ಕಿತು. ಬಾಗು ಎಡಕ್ಕಿದ್ದರೆ ನಳಿಗೆ ಎಡಕ್ಕೆ ಜಾರುವುದು ಸಹಜ ಅಂತ ನಾನೂ ಅಂದುಕೊಂಡೆ.

ಡಾಕ್ಟರು ಅದನ್ನು ಕೊಂಡರು. ಮೂರನೇ ವಾರಕ್ಕೆ ವಾಪಸ್ಸು ತಂದರು. ಅಕ್ಕನ ಹತ್ತಿರ ಹೊಡೆತ ಎಡಕ್ಕೆ ಹೋಗುತ್ತೆ ಅಂದರು. ನನ್ನ ಹತ್ತಿರ ಮಾತ್ರ ದನಿ ತಗ್ಗಿಸಿ, "ಕೆನ್ನೆ ಇಡೋ ಜಾಗ ಬೆಚ್ಚಗಿರುತ್ತಮ್ಮ, ಯಾರೋ ಈಗ ತಾನೆ ಕೆನ್ನೆ ತೆಗೆದ ಹಾಗೆ" ಅಂದರು. ಮುಟ್ಟಿ ನೋಡಿದೆ. ತಣ್ಣಗಿತ್ತು. ಆದರೆ ಮರದ ಹಿಂಬದಿಯ ಉಕ್ಕಿನ ತಟ್ಟೆ ಕಣ್ಣಿಗೆ ಬಿತ್ತು. ನೀವು ತಟ್ಟೆಗೆ ಎರಡು ಸ್ಕ್ರೂ ಹಾಕಿದರೆ ಅವುಗಳ ತಲೆಯ ಗೆರೆ ಯಾವಾಗಲೂ ನೆಟ್ಟಗೆ ನಿಂತಿರುತ್ತಿತ್ತು. ಈಗ ಎರಡೂ ಒಂದೇ ಅಳತೆಗೆ ವಾಲಿದ್ದವು. ಹೊಡೆತದ ಅದುರಿಗೆ ಸಡಿಲಾಗಿರಬೇಕು ಅಂತ ಬಿಗಿದು ನೆಟ್ಟಗೆ ಮಾಡಿದೆ.

ಎರಡನೆಯವರು ಬಸ್ ಡ್ರೈವರು. ಉದ್ದ ಸಾಲದು ಅಂತ ತಟ್ಟೆಯ ಮೇಲೇ ರಬ್ಬರಿನ ಮೆತ್ತೆ ಏರಿಸಿ ಕೊಟ್ಟೆ. ಈ ಸಲ ನಾನು ಬೇಕೆಂದೇ ಜಾಗ ಬದಲಿಸಿದೆ. ಚುಕ್ಕೆಯ ಬಲಕ್ಕೆ, ಬಾಗಿಲ ಹತ್ತಿರ ನಿಂತೆ. ಡ್ರೈವರು ಕಣ್ಣು ಮುಚ್ಚಿ ಎತ್ತಿದರು. ಎಡಕ್ಕೆ ಬಾಗಿದ ಆ ಮರ ನಿಧಾನವಾಗಿ ಚುಕ್ಕೆಯನ್ನು ದಾಟಿ, ಕ್ಯಾಲೆಂಡರನ್ನು ದಾಟಿ, ಬಲಕ್ಕೆ ಬಂತು. ಅವರು ಕಣ್ಣು ಬಿಟ್ಟಾಗ ನಾನು ಆ ಸಣ್ಣ ಕಪ್ಪು ತೂತನ್ನೇ ನೋಡುತ್ತಿದ್ದೆ. "ಇದೇನು, ಸ್ಟೀರಿಂಗ್ ತಾನಾಗೇ ತಿರುಗುತ್ತೆ?" ಅಂದರು. ಈ ಸಲ ಬೆಂಚು ಅಷ್ಟು ಜೋರಾಗಿ ನಗಲಿಲ್ಲ. ಒಂಬತ್ತೇ ದಿನಕ್ಕೆ ಅವರೂ ವಾಪಸ್ಸು ತಂದರು. ಮೆತ್ತೆ ಕಳಚಿ ನೋಡಿದರೆ ಸ್ಕ್ರೂಗಳು ಇನ್ನೂ ಕಾಲು ಸುತ್ತು ಹೆಚ್ಚು ತಿರುಗಿದ್ದವು. ಯಾರೋ ಒಳಗಿನಿಂದ ಬಿಚ್ಚುತ್ತಿರುವ ಹಾಗೆ.

ಮೂರನೆಯವರು ಡ್ರಾಯಿಂಗ್ ಟೀಚರು. ಅವರು ಬಂದಾಗ ನಾನು ಒಳಕೋಣೆಗೆ ಹೋಗಿ ಹಲಗೆ ಗೋಡೆಯ ಹಿಂದೆ ನಿಂತೆ. ಉಸಿರು ಹಿಡಿದು ಸಂದಿಯಿಂದ ನೋಡುತ್ತಿದ್ದೆ. ಅವರು ಎತ್ತಿದರು. ನಳಿಗೆ ಸುತ್ತಿ ಬಂದು ಸಂದಿಯ ಎದುರೇ ನಿಂತಿತು. ಟೀಚರು ಕಣ್ಣು ತೆರೆದರು. "ಆ ಕಡೆ ಯಾರಿದ್ದಾರೆ?" ಅಂತ ಕೇಳಿದರು. ಅವರು ರೈಫಲ್ಲನ್ನು ಮೇಜಿನ ಮೇಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿಬಿಟ್ಟರು.

ಆವತ್ತು ತೋಪು ಮಾವ ಜೋಕು ಹೇಳಲಿಲ್ಲ. "ಮೇಸ್ತ್ರಿ ಕೊನೆಗಾಲದಲ್ಲಿ ಕೈ ತಪ್ಪಿದ, ಪಾಪ" ಅಂದರು. ಕ್ಲಬ್ಬಿನ ಇಬ್ಬರು, "ಹಾಗಾದ್ರೆ ನಮ್ಮ ಮರಾನೂ ಒಂದ್ಸಲ ಅಳೆದು ನೋಡ್ರಮ್ಮ" ಅಂತ ಅಕ್ಕನಿಗೆ ಹೇಳಿ ಎದ್ದರು. ನಲವತ್ತು ವರ್ಷದ ನಿಮ್ಮ ಕೆಲಸದ ಮೇಲೆ ಒಂದು ಮಧ್ಯಾಹ್ನದಲ್ಲಿ ಅನುಮಾನ ಬಿತ್ತು. ಅಕ್ಕ ನನ್ನ ಕಡೆ ತಿರುಗಿದರು. "ನೀನೇ ಹೇಳೇ. ಅಪ್ಪ ತಪ್ಪಿದ್ರಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಜನ ನೋಡಿದರೆ ನನ್ನ ನಾಲಗೆ ಅಂಗುಳಕ್ಕೆ ಅಂಟುತ್ತದೆ, ನಿಮಗೆ ಗೊತ್ತು. ಬೇಗ ಮುಗಿಯಲಿ ಅಂತ ನೆಲ ನೋಡಿಕೊಂಡು, "ಹೂಂ ಅಕ್ಕ" ಅಂದೆ.

ಆ ಎರಡು ಮಾತಿಗಾಗಿಯೇ ಈ ಕಾಗದ, ಮೇಸ್ತ್ರಿಗಳೇ. ಕೈ ಹಿಡಿದು ಉಳಿ ಹಿಡಿಯುವುದನ್ನು ಕಲಿಸಿದವರು ನೀವು. ನಿಮ್ಮ ಹೆಸರು ಉಳಿಸುವ ಹೊತ್ತಿಗೆ ನಾನು ನಿಜಕ್ಕೂ ಇಲಿಯಾದೆ.

ಅಕ್ಕ ನಿಟ್ಟುಸಿರು ಬಿಟ್ಟು, "ನಾಳೆ ಮಧ್ಯಾಹ್ನದೊಳಗೆ ಆ ಮರ ಬಿಚ್ಚು. ಉಕ್ಕಿಗೆ ಕಂಪನಿ ಪ್ಲಾಸ್ಟಿಕ್ಕಿನ ಹಿಡಿ ಹಾಕೋಣ. ಮರ ಒಲೆಗೆ ಹಾಕು, ನನ್ನ ಕಣ್ಣಿಗೆ ಬೀಳ್ಬಾರ್ದು" ಅಂದರು.

ಮಾರನೇ ದಿನ ಹತ್ತು ಗಂಟೆಗೆ ಕಿಟಕಿ ತೆರೆದು, ಬಿಸಿಲಿನಲ್ಲಿ ರೈಫಲ್ ಮಲಗಿಸಿದೆ. ಟೀಚರು ಹೋದ ಮೇಲೆ ಅಕ್ಕ ಅದನ್ನು ಕಪಾಟಿಗಿಟ್ಟು ಬೀಗ ಹಾಕಿದ್ದರು, ಆಮೇಲೆ ಯಾರೂ ಮುಟ್ಟಿರಲಿಲ್ಲ, ಬೀಗದ ಕೈ ಅವರ ಸೊಂಟದಲ್ಲಿತ್ತು. ಎರಡೂ ಸ್ಕ್ರೂಗಳ ಗೆರೆ ಅಡ್ಡಡ್ಡ ಮಲಗಿತ್ತು. ತಲೆಗಳು ಉಗುರಿನಷ್ಟು ಹೊರಗೆ ಬಂದಿದ್ದವು. ಸ್ಕ್ರೂಡ್ರೈವರ್ ಬೇಕಾಗಲಿಲ್ಲ, ಬೆರಳಲ್ಲೇ ಬಂದವು.

ತಟ್ಟೆಯ ಕೆಳಗೆ ಮರದ ಒಡೆಯನ ಅಳತೆಯನ್ನು ಪೆನ್ಸಿಲಿನಲ್ಲಿ ಬರೆದಿಡುವುದು ನಿಮ್ಮ ಪದ್ಧತಿ. "ಮರದ ಜಾತಕ" ಅನ್ನುತ್ತಿದ್ದಿರಿ. ಅದನ್ನು ನಾನು ಮೊದಲೇ ಬಿಚ್ಚಿ ನೋಡಬಹುದಿತ್ತು. ಸ್ಕ್ರೂ ವಾಲಿದಾಗಲೆಲ್ಲ ಹೆದರಿ ಬಿಗಿಯುತ್ತಲೇ ಬಂದೆ. ಈಗ ಓದಿದೆ. ಉದ್ದ ಹನ್ನೆರಡೂವರೆ ಇಂಚು. ಬಾಗು ಎಡಕ್ಕೆ ಎರಡು ನೂಲು. ಕೆಳಗೆ ನಿಮ್ಮ ಗುಂಡನೆಯ ಅಕ್ಷರದಲ್ಲಿ: ಇಲಿಗೆ. ಎಡ.

ಮೇಸ್ತ್ರಿಗಳೇ, ನಾನು ಎಡಚಿ ಅಂತ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಒಂದನೇ ಕ್ಲಾಸಿನಲ್ಲಿ ಬೆರಳ ಗಂಟಿನ ಮೇಲೆ ಸ್ಕೇಲಿನ ಏಟು ತಿಂದು ಬಲಗೈಗೆ ಬಂದವಳು. ಜನರ ಮುಂದೆ ಊಟ, ಉಳಿ, ಪೆನ್ಸಿಲು ಎಲ್ಲ ಬಲಗೈಯಲ್ಲೇ. ಊಟವಾದ ಮೇಲೆ ನೀವು ಸ್ಟೂಲಿನಲ್ಲಿ ಗೋಡೆಗೊರಗಿ ನಿದ್ದೆ ಹೋದಾಗ ಮಾತ್ರ ಉಳಿಯನ್ನು ಎಡಗೈಗೆ ಬದಲಿಸಿಕೊಳ್ಳುತ್ತಿದ್ದೆ. ನಿಮಗೆ ಅಷ್ಟು ನಿದ್ದೆ ಇರಲಿಲ್ಲ ಅಂತ ಈಗ ತಿಳಿಯಿತು. ಒಂದು ದಿನ ಹಸಿ ಹಲಗೆ ಕೊಟ್ಟು, "ಇದರ ನಾರು ನೇರ ಇದ್ಯಾ, ಭುಜಕ್ಕಿಟ್ಟು ನೋಡು" ಅಂದಿರಿ. ನಾನು ಯೋಚಿಸದೆ ಎಡಭುಜಕ್ಕೆ ಇಟ್ಟೆ. ನೀವು ಟೇಪು ಹಿಡಿದು ಏನೋ ಗೊಣಗಿ, ಮೀಸೆಯಲ್ಲೇ ನಕ್ಕಿರಿ. ಊರಿಗೆಲ್ಲ ಅಳತೆ ತೆಗೆಯುವವಳು ನನ್ನ ಅಳತೆಯನ್ನು ಒಮ್ಮೆಯೂ ತೆಗೆದುಕೊಂಡಿರಲಿಲ್ಲ. ಆ ರೈಫಲ್ ಕೈಗೆತ್ತಿದವರೆಲ್ಲ ನನ್ನ ಕಡೆಗೇ ತಿರುಗಿದರು. ಅದು ಒಡತಿಯನ್ನು ತೋರಿಸುತ್ತಿತ್ತು, ನಾನು ಜಾಗ ಬದಲಿಸುತ್ತಿದ್ದೆ.

ಮರವನ್ನು ಬಿಚ್ಚಲಿಲ್ಲ. ಹಾಗೆಯೇ ಹೊತ್ತುಕೊಂಡು ಮುಂದಕ್ಕೆ ಹೋದೆ. ಅಕ್ಕ ಇದ್ದರು, ಟೀ ಕುಡಿಯುತ್ತಾ ತೋಪು ಮಾವನೂ ಇದ್ದರು. ತಟ್ಟೆಯಡಿಯ ಬರಹ ತೋರಿಸಿದೆ. ಅಕ್ಕ ಎರಡು ಸಲ ಓದಿದರು. ಆಮೇಲೆ ಹೋಗಿ ಚುಕ್ಕೆಯ ಮುಂದೆ ನಿಂತರು.

ಬೋಲ್ಟು ನನ್ನ ಜೇಬಿಗೆ ಹೋಯಿತು, ಮೊದಲನೇ ಸಲ. ಕಣ್ಣು ಮುಚ್ಚಿದೆ. ಎಡಭುಜಕ್ಕೆ ಎತ್ತಿದೆ. ಕೆನ್ನೆ ಒರಗಿಸಿದೆ. ಡಾಕ್ಟರು ಹೇಳಿದ್ದು ನಿಜ, ಅಲ್ಲಿ ಬೆಚ್ಚಗಿತ್ತು. ಅಗಸೆ ಎಣ್ಣೆಯ ವಾಸನೆ ಬಂತು, ನಿಮ್ಮ ಏಪ್ರನ್ನಿನದು. ಆಗ ಎರಡು ಬೆರಳು ನನ್ನ ಎಡ ಮೊಣಕೈಯ ಅಡಿಗೆ ಬಂದು, ಅದನ್ನು ಮೆಲ್ಲಗೆ ಮೇಲಕ್ಕೆತ್ತಿದವು.

ಕಣ್ಣು ತೆರೆದೆ. ಮಣಿ, ಚುಕ್ಕೆ, ನಡುವೆ ಅಕ್ಕನ ಮುಖ, ಎಲ್ಲ ಒಂದೇ ಗೆರೆ. ಅಕ್ಕ ಆರು ಹೆಜ್ಜೆ ದೂರದಲ್ಲಿದ್ದರು. ತೋಪು ಮಾವ ಬೆಂಚಿನಲ್ಲೇ ಇದ್ದರು, ಎರಡೂ ಕೈಯಲ್ಲಿ ಲೋಟ ಹಿಡಿದಿದ್ದರು. ಅಕ್ಕ ನನ್ನ ಕಣ್ಣು ನೋಡುತ್ತಿರಲಿಲ್ಲ, ನನ್ನ ತೋಳು ನೋಡುತ್ತಿದ್ದರು. "ಮೊಣಕೈ ಅಡಿ ಬಟ್ಟೆ ಒಳಕ್ಕೆ ಕುಗ್ಗಿದೆ ಕಣೇ, ಎರಡು ಕಡೆ" ಅಂದರು. ಅವರ ದನಿ ಹತ್ತು ವರ್ಷದ ಹುಡುಗಿಯ ದನಿಯಾಗಿತ್ತು. ಸ್ವಲ್ಪ ಹೊತ್ತಿಗೆ ಆ ಕುಳಿಗಳು ತಾವಾಗಿಯೇ ತುಂಬಿಕೊಂಡವಂತೆ.

ನಾನು ರೈಫಲ್ ಇಳಿಸಿ, "ಅಕ್ಕ, ನಿನ್ನೆ ನಾನು ಸುಳ್ಳು ಹೇಳಿದೆ. ಮೇಸ್ತ್ರಿಗಳು ತಪ್ಪಿಲ್ಲ" ಅಂದೆ. ಜೋರಾಗಿಯೇ ಅಂದೆ. ತೋಪು ಮಾವ ಲೋಟ ಕೆಳಗಿಟ್ಟು, ಟೋಪಿ ತೆಗೆದು, ನಿಮ್ಮ ಸ್ಟೂಲಿನ ಕಡೆ ನೋಡಿ, "ನಂದೂ ತಪ್ಪಾಯ್ತು ಮಾರಾಯ" ಅಂದರು. ಮುಂದಿನ ಶನಿವಾರ ಅವರೇ ಬೆಂಚಿನವರಿಗೆಲ್ಲ ತಟ್ಟೆಯಡಿಯ ಬರಹ ಓದಿಸಿದರು. ತಮ್ಮ ಮರ ಅಳೆಸಲು ಯಾರೂ ತರಲಿಲ್ಲ.

ಅಕ್ಕ ಲೈಸೆನ್ಸಿನ ಫಾರಂ ತಂದು ಕೊಟ್ಟಿದ್ದಾರೆ. ಲೈಸೆನ್ಸು ಬರುವ ತನಕ ರೈಫಲ್ ಅಂಗಡಿಯ ಕಪಾಟಿನಲ್ಲೇ ಇರುತ್ತದೆ, ಮಾರಾಟಕ್ಕಿಲ್ಲ ಅಂತ ಚೀಟಿ ಅಂಟಿಸಿಕೊಂಡು. ಫಾರಂ ತುಂಬುವ ಮುಂಚೆ ಕೈ ರೂಢಿಯಾಗಲಿ ಅಂತ ಈ ಕಾಗದ ಬರೆದೆ. ಎಡಗೈಯಲ್ಲಿ. ಅಕ್ಷರ ಸೊಟ್ಟಗಾದದ್ದು ಅದಕ್ಕೇ.

ಇದನ್ನು ಸಣ್ಣಗೆ ಮಡಚಿ ತಟ್ಟೆಯಡಿಯ ಟೊಳ್ಳಿನಲ್ಲಿಡುತ್ತೇನೆ. ಎರಡೂ ಸ್ಕ್ರೂ ಬಿಗಿದು ಗೆರೆ ನೆಟ್ಟಗೆ ನಿಲ್ಲಿಸುತ್ತೇನೆ. ಓದಿಯಾಯಿತು ಅಂತ ತಿಳಿಸಲು ದಯವಿಟ್ಟು ಅವುಗಳನ್ನು ತಿರುಗಿಸಬೇಡಿ. ನನಗೆ ಈಗಲೂ ಹೆದರಿಕೆಯೇ.

ಇನ್ನು ಮೇಲೆ ಮೊಣಕೈ ನಾನೇ ಎತ್ತುತ್ತೇನೆ, ಮೇಸ್ತ್ರಿಗಳೇ. ನೀವು ಕೈ ತೆಗೆಯಿರಿ. ನಿಮ್ಮ ಮಧ್ಯಾಹ್ನದ ನಿದ್ದೆ ಈ ಸಲವಾದರೂ ನಿಜವಾದ ನಿದ್ದೆಯಾಗಲಿ.

ನಿಮ್ಮ ಎಡಗೈಯ
ಇಲಿ