ಅಳಿಯಂದಿರು ತಂದ ಪಿಂಚಣಿ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ

ನನ್ನ ಮುದ್ದಿನ ಪುಟ್ಟೀ,

ಹೇಗಿದ್ದೀಯೆ? ಬೆನ್ನುನೋವು ಇಳಿಯಿತೇ? ದಿನವಿಡೀ ನಿಂತೇ ಪಾಠ ಮಾಡಬೇಡ, ಶಾಲೆಯಲ್ಲಿ ಕುರ್ಚಿ ಇಟ್ಟಿರುವುದು ಕೂರುವುದಕ್ಕೇ. ನಾನು ಗಟ್ಟಿಯಾಗಿದ್ದೇನೆ. ಎಷ್ಟು ಗಟ್ಟಿ ಎಂದು ನಿನ್ನ ಯಜಮಾನರು ಕಳೆದ ವಾರ ಬಂದು ಅಳೆದುಕೊಂಡು ಹೋದರು.

ಊಟ ಮುಗಿಸಿ, ಒಗೆದಿಟ್ಟ ನನ್ನ ಟವೆಲ್ಲಿಗೆ ಎಣ್ಣೆಕೈ ಒರೆಸಿ ಮಾತು ತೆಗೆದರು. ನನಗೆ ಎರಡು ಪಿಂಚಣಿ ಇರುವುದು ನಿನಗೆ ಗೊತ್ತಲ್ಲ. ಆಸ್ಪತ್ರೆಯ ಲಾಂಡ್ರಿ ಕೆಲಸದ್ದೊಂದು, ಹೊಲಿಗೆಯ ದುಡ್ಡಿನಲ್ಲಿ ನಾನೇ ಕಟ್ಟುತ್ತಿರುವುದೊಂದು. ಅದು ಬಾಡಿಗೆಗೆ, ಇದು ಔಷಧಿಗೆ. ಎರಡೂ ಸೇರಿದರೆ ಮುದುಕಿಯಾದ ಮೇಲೆ ಯಾರ ಮುಂದೆಯೂ, ನಿನ್ನ ಮುಂದೆಯೂ ಕೈಚಾಚಬೇಕಾಗಿಲ್ಲ. ಇವರು ಹೇಳುವುದೇನೆಂದರೆ, ಆಸ್ಪತ್ರೆಯ ಪಿಂಚಣಿಯನ್ನು ಕೈಬಿಟ್ಟು, ಆ ದುಡ್ಡನ್ನೂ ತಾವು ಮಾರುವ ಪಿಂಚಣಿ ಯೋಜನೆಗೇ ಸುರಿಯಬೇಕಂತೆ. "ಅಲ್ಲಾ ಅತ್ತೆ, ನಿಮಗಿನ್ನೆಷ್ಟು ವರ್ಷಕ್ಕೆ ಬೇಕು ಹೇಳಿ?" ಎಂದು ನಕ್ಕರು. ನನ್ನ ಮನೆಯ ಅನ್ನ ತಿಂದ ಬಾಯಿ! ಹೇಸಿಗೆಯಾಯಿತು ಪುಟ್ಟಿ.

ಬೇಡವೆಂದೆ. ಮಾರನೆಯ ದಿನ ಲಾಂಡ್ರಿಯ ಊಟದ ಕೋಣೆಗೇ ಬಂದು ಕೂತರು. ಜೊತೆ ಕೆಲಸದ ನಮ್ಮ ಹೆಂಗಸರು ಎಂಥವರೆಂದರೆ, ಬೆಡ್‌ಶೀಟಿನ ಆ ತುದಿಯನ್ನು ಜೊತೆಯವಳು ಹಿಡಿದಳೆಂದರೆ ಸಾಕು, ಈ ತುದಿಯವಳು ನೋಡದೆಯೇ ಮಡಚುತ್ತಾಳೆ. ಇವರು ಚಾಚಿದ ಅರ್ಜಿಗೆ ಸಹಿಯನ್ನೂ ಹಾಗೆಯೇ ಹಾಕಿದರು. "ನಿನ್ನ ಅಳಿಯ ಅಂದ್ಮೇಲೆ ಇನ್ನೇನು ನೋಡೋದು?" ಎಂದಳು ನನ್ನ ಜೊತೆ ಮಡಚುವ ಗುಂಡಕ್ಕ.

ಲೆಕ್ಕದ ಕೋಣೆಗೆ ಹೋಗಿ ಕೇಳಿದೆ. ಕೆಲಸದ ಪಿಂಚಣಿ ಬಿಟ್ಟವರಿಗೆ ಆಸ್ಪತ್ರೆ ತನ್ನ ಪಾಲು ಹಾಕುವುದನ್ನು ನಿಲ್ಲಿಸುತ್ತದಂತೆ. ಜೊತೆಗೆ ಇನ್ನೊಂದು ಕಟ್ಟಿದರೆ ಲಾಭ, ಬಿಟ್ಟು ಕಟ್ಟಿದರೆ ನಷ್ಟ. ಸಹಿ ಹಾಕಿದ ತಿಂಗಳೊಳಗೆ ರದ್ದು ಮಾಡಬಹುದೆಂದರು. ಎಲ್ಲರನ್ನೂ ಎಳೆದುಕೊಂಡು ಹೋಗಿ ಮಾಡಿಸಿದೆ. ಆದರೆ ಗುಂಡಕ್ಕ ಈಗ ಅಂಚು ನೋಡಿ ನೋಡಿ ಮಡಚುತ್ತಾಳೆ. ಇಷ್ಟು ವರ್ಷದ ನಂಬಿಕೆಯನ್ನು ಕಮಿಷನ್ನಿಗೆ ಮಾರಿದ ಆ ಮುಖವನ್ನು ಇನ್ನು ನೋಡಲಾರೆ.

ಹೊತ್ತುಹೊತ್ತಿಗೆ ಊಟ ಮಾಡು. ನೂರು ಕಾಲ ಬಾಳು ಮಗಳೇ.

ನಿನ್ನ
ಅಮ್ಮ

ಇನ್ನೊಂದು ಮಾತು: ಹೊರಡುವಾಗ ನಿನ್ನ ಯಜಮಾನರು, "ನಿಮ್ಮ ಮಗಳು ತುಟಿಪಿಟಕ್ಕೆನ್ನದೆ ಸಹಿ ಹಾಕಿದ್ಲು, ನಿಮ್ಮದೇ ರಗಳೆ" ಎಂದರು. ನೀನು ಸಹಿ ಹಾಕಿ ಎಷ್ಟು ದಿನವಾಯಿತು? ನಿಮ್ಮ ಶಾಲೆಯಲ್ಲೂ ಇದೇ ನಿಯಮವಿದ್ದೀತು, ಇದು ಕೈಸೇರಿದ ದಿನವೇ ಕಚೇರಿಗೆ ಹೋಗಿ ಕೇಳು. ಯಜಮಾನರ ಒಪ್ಪಿಗೆಗೆ ಕಾಯಬೇಡ. ಈ ಕಾಗದವನ್ನು ಮನೆಗೆ ಹಾಕದೆ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ, ಓದಿ ಹರಿದುಬಿಡು. ರಂಪವಾದರೆ ಬಂದುಬಿಡು, ಎರಡು ಪಿಂಚಣಿಯಲ್ಲಿ ಇಬ್ಬರು ಬದುಕಬಹುದು.