ಬಟ್ಟಲು ಎಳೆದುಕೊಂಡ ಮುದುಕಿ

ಜಯನಗರ ನಾಲ್ಕನೇ ಬ್ಲಾಕ್
೨೭ ಸೆಪ್ಟೆಂಬರ್ ೧೯೬೬

ಪಂಕಜಾ,

'ಪ್ರೀತಿಯ' ಎಂದು ಮೊದಲು ಬರೆಯುವುದು ರೂಢಿ. ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಬರೀ ಹೆಸರೇ ಇರಲಿ. ನಿನ್ನ ಕಾಗದ ನಿನ್ನೆ ಬಂತು. "ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೆ, ಇಷ್ಟಕ್ಕೆಲ್ಲ ಮುಖ ಊದಿಸ್ಕೋತಾರಾ" ಅಂತ ಬರೆದಿದ್ದೀಯ. ತ್ಯಾಗರಾಜನಗರದಿಂದ ನಮ್ಮನೆಗೆ ನಡೆದು ಬಂದರೆ ಅರ್ಧ ಗಂಟೆ. ಎದುರಿಗೆ ಬಂದು ಹೇಳುವ ಧೈರ್ಯವಿಲ್ಲದೆ ಅಂಚೆಗೆ ಹಾಕಿದೆ. ನಾನೂ ಅಂಚೆಗೇ ಹಾಕುತ್ತೇನೆ. ಎದುರಿಗೆ ಬಂದರೆ ಏನು ಅಂದುಬಿಡುತ್ತೇನೋ ಎಂದು ನನಗೇ ಭಯ.

ಗೌರಿ ಹಬ್ಬದ ದಿನ ನಮ್ಮ ಸ್ಕೂಲಿನ ಸರಸ್ವತಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆವು. ಹತ್ತು ಜನ ಹೆಂಗಸರ ನಡುವೆ ಕೂತು ನೀನು ಬ್ಯಾಂಕಾಕಿನ ಕಥೆ ತೆಗೆದೆ. "ನಮ್ಮ ಕಾತ್ಯಾಯಿನಿ ಮೂರು ತಿಂಗಳು ಮೀನಿನ ರಸ ಸುರ್ಕೊಂಡು ಕೆನ್ನೆ ತುಂಬ್ಕೊಂಡು ಬಂದ್ಲು ಕಣ್ರೀ. ಬರೀ ಉಪ್ಪುನೀರು ಅಂದೆ, ನಂಬಿಬಿಟ್ಲು." ಎಲ್ಲರೂ ನಕ್ಕರು. ನಾನೂ ನಕ್ಕೆ ಕಣೆ, ತಮಾಷೆ ಮಾಡುತ್ತಿದ್ದೀಯ ಎಂದುಕೊಂಡು. ಆಮೇಲೆ ನಿನ್ನ ಮುಖ ನೋಡಿ ನಿಜವೆಂದು ತಿಳಿಯಿತು. ಸರಸ್ವತಿಯ ಅತ್ತೆ ಗಿರಿಜಾದೇವಮ್ಮನವರು ನನಗೆ ಕೊಡಬೇಕೆಂದಿದ್ದ ತಾಂಬೂಲವನ್ನು ತಟ್ಟೆಗೇ ಹಾಕಿಬಿಟ್ಟು, ಪಂಚಗವ್ಯ ತೊಗೊಂಡ್ರೆ ಎಲ್ಲ ಶುದ್ಧಿಯಾಗುತ್ತೆ ಎಂದು ಉಪದೇಶ ಮಾಡಿದರು. ಹಾಲು, ಮೊಸರು, ತುಪ್ಪ. ಐದು ವರ್ಷದಿಂದ ನಾನು ನಾಲಿಗೆಗೆ ಸೋಕಿಸದೆ ಇರುವುದೇ ಅದನ್ನು. ನಿನ್ನಿಂದ ಕೆಟ್ಟ ವ್ರತ ಸರಿಹೋಗಲು ನಾನೇ ಅದನ್ನು ಇನ್ನೊಂದು ಸಲ ಕೆಡಿಸಬೇಕಂತೆ. ಅದಕ್ಕೂ ನೀನು ನಕ್ಕೆ.

ನಾನು ಯಾಕೆ ಬಿಟ್ಟೆ ಎಂದು ಬೇರೆಯವರಿಗೆ ಗೊತ್ತಿಲ್ಲದಿರಬಹುದು, ನಿನಗೆ ಗೊತ್ತಿತ್ತು. ಯಡಿಯೂರಿನ ತಿಮ್ಮರಾಯಪ್ಪ ದಿನಾ ಬೆಳಿಗ್ಗೆ ಹಸು ಹೊಡೆದುಕೊಂಡು ಬಂದು ನಮ್ಮ ಬಾಗಿಲಲ್ಲೇ ಹಾಲು ಕರೆಯುತ್ತಿದ್ದ. ಕರು ಸತ್ತುಹೋಯಿತು. ಮಾರನೆಯ ವಾರ ಅದರ ಚರ್ಮಕ್ಕೆ ಹುಲ್ಲು ತುಂಬಿ, ಕಂಕುಳಲ್ಲಿ ಇರುಕಿಕೊಂಡು ಬಂದು ಹಸುವಿನ ಮುಂದೆ ನಿಲ್ಲಿಸಿದ. ಎಲ್ಲ ಕಡೆಯೂ ಹಾಗೇ ಮಾಡುತ್ತಾರೆ, ಅವನೊಬ್ಬನನ್ನು ದೂರುವುದಿಲ್ಲ. ಆ ಹಸು ಹುಲ್ಲಿನ ಕರುವನ್ನು ನೆಕ್ಕುತ್ತಾ ನೆಕ್ಕುತ್ತಾ ಸೊರೆ ಬಿಟ್ಟಿತು, ಕೆಚ್ಚಲಿಗೆ ಹಾಲಿಳಿಯಿತು. ನಾನು ಚೊಂಬು ಹಿಡಿದುಕೊಂಡು ನಿಂತಿದ್ದೆ, ನೀನು ನನ್ನ ಪಕ್ಕದಲ್ಲೇ ಇದ್ದೆ. ಅವತ್ತಿಗೆ ಬಿಟ್ಟೆ. ತುಪ್ಪವಿಲ್ಲದ ಅನ್ನ, ಮಜ್ಜಿಗೆಯಿಲ್ಲದ ಊಟ, ಬೆಲ್ಲದ ಕಷಾಯ. ಇವಳಿಗೆ ತಲೆ ಕೆಟ್ಟಿದೆ ಎಂದು ಅಮ್ಮನೇ ಅಂದಳು. ನೀನೊಬ್ಬಳು ಅನ್ನಲಿಲ್ಲ. ಅದಕ್ಕೇ ನಿನ್ನನ್ನು ನಂಬಿದೆ.

ಟೀಚರ್ ತರಬೇತಿಗೆ ನೀನು ನನಗಿಂತ ಎರಡು ತಿಂಗಳು ಮೊದಲು ಬ್ಯಾಂಕಾಕಿಗೆ ಹೋಗಿ, ಅವರ ಮಾತು ನಾಲ್ಕಕ್ಷರ ಕಲಿತಿದ್ದೆ. ನನಗೆ ಒಂದೂ ಬಾರದು. ಹಾಸ್ಟೆಲಿನ ಹಿಂದೆ ಕಾಲುವೆ ದಡದ ಮುದುಕಿಯ ಅಂಗಡಿಯಲ್ಲಿ ಊಟಕ್ಕೆ ಕೂತಾಗ ನಿನ್ನ ಬಾಯೇ ನನ್ನ ಬಾಯಾಗಿತ್ತು. ಮೊದಲ ದಿನ ನಾನು ಮೊಟ್ಟೆ ಬೇಡ ಎಂದು ಕೈಯಾಡಿಸಿದೆ, ಒಣಸಿಗಡಿ ಬೇಡ ಎಂದೆ, ಟೀಗೆ ಹಾಕುವ ಡಬ್ಬಿ ಹಾಲು ಬೇಡ ಎಂದೆ. ಮುದುಕಿ ತಲೆಯಾಡಿಸಿದಳು. ನೀನು ಅವಳಿಗೇನೋ ಹೇಳಿದೆ. ಅವಳು ಬದನೆಕಾಯಿ, ಎಳೆ ಸೊಪ್ಪು, ತೆಂಗಿನಹಾಲು, ನಿಂಬೆಯ ವಾಸನೆಯ ಹುಲ್ಲು ಹಾಕಿ ಕುದಿಸಿದ ಸಾರು ಕೊಟ್ಟಳು. ಅದಕ್ಕೆ ಶೀಷೆಯಿಂದ ಕಂದುಬಣ್ಣದ ನೀರು ಸುರಿದಾಗ ಏನೇ ಅದು ಎಂದು ಕೇಳಿದೆ. ಉಪ್ಪುನೀರು ಎಂದೆ ನೀನು.

ಮೂರನೆಯ ದಿನದ್ದನ್ನು ನೀನು ಹಬ್ಬದ ದಿನ ಎಲ್ಲಕ್ಕಿಂತ ರಸವತ್ತಾಗಿ ಹೇಳಿದೆ. ನಾನು ಬಟ್ಟಲಿಗೆ ಚಮಚ ಹಾಕಿದ್ದೆ. ನಾನು ಬೇಡವೆನ್ನುವುದನ್ನೆಲ್ಲ ಮೂರು ದಿನ ನೋಡಿ ಮುದುಕಿಗೆ ಹೊಳೆದಿರಬೇಕು, ಒಲೆ ಬಿಟ್ಟು ಓಡಿಬಂದು ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. ಶೀಷೆ ತೋರಿಸಿ, ನನ್ನನ್ನು ತೋರಿಸಿ, ಬೇಡ ಬೇಡ ಎಂದು ಕೈಯಾಡಿಸಿ "ಜೇ, ಜೇ" ಎಂದಳು. ಏನಂತೆ ಎಂದು ನಿನ್ನನ್ನು ಕೇಳಿದೆ. "ಬೇಗ ಎದ್ದೇಳ್ಬೇಕಂತೆ, ಬೇರೆಯವರು ಕಾಯ್ತಿದಾರಂತೆ" ಎಂದೆ ನೀನು. ನನಗೆ ಪಿತ್ತ ನೆತ್ತಿಗೇರಿತು. ಊಟಕ್ಕೆ ಕೂತವರನ್ನ ಎಬ್ಬಿಸ್ತಾರಾ, ನಿಮಗೆ ಮಾನ ಮರ್ಯಾದೆ ಇದೆಯಾ ಎಂದು ಕನ್ನಡದಲ್ಲೇ ಕಿರುಚಿದೆ. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ. ಅವಳು ನಿನ್ನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬಟ್ಟಲನ್ನು ಮತ್ತೆ ನನ್ನ ಮುಂದಿಟ್ಟು ಎರಡೂ ಕೈ ಜೋಡಿಸಿದಳು.

ಮಾಂಸ, ಮೀನು, ಮೊಟ್ಟೆ, ಹಾಲು ಬಿಟ್ಟವರ ಊಟಕ್ಕೆ ಅಲ್ಲಿ ಜೇ ಅನ್ನುತ್ತಾರಂತೆ. ಅದನ್ನೂ ನೀನೇ ಹೇಳಿದೆ, ನಗುತ್ತಾ. ನನ್ನಂಥವರಿಗೆ ಆ ಊರಿನಲ್ಲಿ ಒಂದು ಹೆಸರಿತ್ತು. ಇಲ್ಲಿ ಯಾರ ಬಾಯಲ್ಲೂ ನನಗೆ ಸಿಕ್ಕದ ಹೆಸರು. ಅದು ನನ್ನ ಕಿವಿಗೆ ಬೀಳದ ಹಾಗೆ ನೀನು ಮಾಡಿದೆ. ನನ್ನ ಜಾತಿ, ನನ್ನ ಊರು, ನನ್ನ ಭಾಷೆ ಯಾವುದೂ ಅಲ್ಲದ ಮುದುಕಿ ನನ್ನನ್ನು ಕಾಪಾಡಲು ಓಡಿಬಂದಳು. ಹನ್ನೆರಡು ವರ್ಷದಿಂದ ಸ್ನೇಹಿತೆಯಾದ ನೀನು ನನ್ನ ಮುಂದೆ ಹುಲ್ಲಿನ ಕರು ನಿಲ್ಲಿಸಿದೆ.

ನಿಜ ಹೇಳಿದ್ದರೆ ನಾನು ಹಸಿದು ಸಾಯುತ್ತಿದ್ದೆ ಎಂದು ಬರೆದಿದ್ದೀಯ. ಯಾಕೆ ಸಾಯುತ್ತಿದ್ದೆ? ಬಾಳೆಹಣ್ಣು ಇರಲಿಲ್ಲವಾ, ತೆಂಗಿನಹಾಲಿನ ಅಂಟನ್ನದ ಜೊತೆ ಮಾವಿನಹಣ್ಣು ಇರಲಿಲ್ಲವಾ, ಹುರಿದ ಕಡಲೆಕಾಯಿ ಇರಲಿಲ್ಲವಾ? ಇನ್ನೊಂದು ಮಾತು, ನಾಚಿಕೆ ಬಿಟ್ಟು ಬರೆಯುತ್ತೇನೆ. ಆ ಸಾರು ರುಚಿಯಾಗಿತ್ತು. ಅಷ್ಟು ರುಚಿಯಾದದ್ದನ್ನು ನಾನು ಹುಟ್ಟಿದಾಗಿನಿಂದ ತಿಂದಿರಲಿಲ್ಲ. ಇಲ್ಲಿಗೆ ಬಂದು ಹುಣಸೆಹಣ್ಣು, ತೆಂಗಿನಹಾಲು ಎಲ್ಲ ಹಾಕಿ ನಾಲ್ಕು ಸಲ ಮಾಡಿ ನೋಡಿದೆ, ಬರಲಿಲ್ಲ. ಏನೋ ಕಡಮೆಯಾಗಿದೆ ಎಂದು ನಿನ್ನನ್ನೇ ಕೇಳಿದ್ದೆ. ಅಲ್ಲಿನ ನೀರಿನ ಗುಣ ಎಂದು ನೀನು ಅಂದಾಗ ಅದನ್ನೂ ನಂಬಿದೆ. ಈಗಲೂ ನೆನೆದರೆ ಬಾಯಲ್ಲಿ ನೀರೂರುತ್ತದೆ, ಅದರ ಹಿಂದೆಯೇ ಹೇಸಿಗೆಯಾಗುತ್ತದೆ. ಇದಕ್ಕೆ ಯಾವ ಶುದ್ಧಿಯಿದೆ ಹೇಳು.

ಮೀನು ಹೊಟ್ಟೆಗೆ ಹೋಗಿದ್ದನ್ನು ನಾನು ಹೇಗೋ ನುಂಗಿಕೊಳ್ಳುತ್ತೇನೆ. ತಿಳಿಯದೆ ತಿಂದೆ. ಆದರೆ ಆ ಮುದುಕಿಯನ್ನು ನನ್ನ ಬಾಯಾರೆ ಬೈದೆ. ಆಮೇಲೆ ಅವಳ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನೀನು ಕ್ಯಾರಿಯರಿನಲ್ಲಿ ತಂದುಕೊಟ್ಟಾಗ ಅವಳು ಕೈಯಾರೆ ಮಾಡಿದ್ದನ್ನೇ ತಿಂದು, ಅವಳು ಗರ್ವದ ಹೆಂಗಸು ಎಂದು ಆಡಿಕೊಂಡೆ. ನೀನು ಹೂಂ ಹೂಂ ಎಂದು ಕೇಳಿಸಿಕೊಂಡೆ. ಇದನ್ನು ಕ್ಷಮಿಸಲು ನನ್ನ ಕೈಯಲ್ಲಿ ಆಗುವುದಿಲ್ಲ ಪಂಕಜಾ. ಕ್ಷಮಿಸಬೇಕಾದವಳು ನಾನಲ್ಲ.

ಮುಂದಿನ ತಿಂಗಳು ಹತ್ತನೇ ತಾರೀಖು ನೀನು ಮತ್ತೆ ಅಲ್ಲಿಗೇ ಹೊರಟಿದ್ದೀಯಂತೆ. ಹೋದ ದಿನವೇ ಕಾಲುವೆ ದಡಕ್ಕೆ ಹೋಗು. ನೀನು ಸುಳ್ಳು ಹೇಳಿದೆ ಎಂದು ಅವಳ ಮಾತಿನಲ್ಲೇ ಅವಳಿಗೆ ಹೇಳು. ಕಿರುಚಿದವಳಿಗೆ ನಿಜ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ, ತಲೆಬಾಗಿದ್ದಾಳೆ ಎಂದು ಹೇಳು. ಒಂದಕ್ಷರ ಬದಲಾಯಿಸಬೇಡ. ಅದಾಗುವ ತನಕ ನಮ್ಮ ಬಾಗಿಲಿಗೆ ಬರಬೇಡ.

ನಿನ್ನ ಪ್ರಯಾಣ ಸುಖವಾಗಿರಲಿ. ಪರಸ್ಥಳದಲ್ಲಿ ನಿನಗೆ ಅನ್ನ ಇಡುವವರು ನಿಜ ಹೇಳಿ ಇಡಲಿ.

ಕಾತ್ಯಾಯಿನಿ

ಅವಳ ಹೆಸರು ಏನೆಂದು ನಾನು ಯಾವತ್ತೂ ಕೇಳಲಿಲ್ಲ. ಕೇಳಿ ಬರೆ.