ಮಂಚದ ಕೆಳಗಿನ ಕೆರೆ

ದೊಡ್ಡಕ್ಕಾ, ನಾನು ಚಿಕ್ಕವಳಿದ್ದಾಗ ಮಣ್ಣು ತಿಂದಿದ್ದಕ್ಕೆ ಬೆನ್ನಿಗೆ ಗುದ್ದುತ್ತಿದ್ದೆಯಲ್ಲ, ಇಲ್ಲಿ ನನಗೆ ಅದಕ್ಕೇ ಸಂಬಳ! ಎಲ್ಲಿ ಎಂಥ ಕಟ್ಟಡ ಕಟ್ಟಬಹುದೆಂದು ತೋರಿಸಲು ಈ ಊರಿನ ನೆಲದ ನಕ್ಷೆ ಬರೆಯುತ್ತಿದ್ದೇವೆ. ಕೊರೆದು ತೆಗೆದ ಮಣ್ಣನ್ನು ಚೂರು ಕಡಿದು ನೋಡುತ್ತೇವೆ: ಹಲ್ಲಿಗೆ ಕರಕರ ಎಂದರೆ ಮರಳು ಬೆರೆತದ್ದು, ಬೆಣ್ಣೆಯಂತೆ ಜಾರಿದರೆ ಜೇಡಿಮಣ್ಣು. ನಿನ್ನೆ ನಾನು ಬಾಡಿಗೆಗಿರುವ ಮನೆಯ ಹಿತ್ತಲಲ್ಲೇ ಕೊರೆದೆವು. ಮೂವತ್ತು ಅಡಿಯವರೆಗೂ ಬರೀ ಬೆಣ್ಣೆ, ನಡುನಡುವೆ ಉಗುರಿನಷ್ಟು ಬಸವನಹುಳುವಿನ ಚಿಪ್ಪುಗಳು. ಎಂದೋ ಇಲ್ಲೊಂದು ಕೆರೆಯಿತ್ತು. ನಕ್ಷೆಯಲ್ಲಿ ಬೀದಿಗೆಲ್ಲ ನೀಲಿ ಬಳಿದೆ. ನೀಲಿಯೆಂದರೆ ಭಾರ ತಾಳದ ನೆಲ. ಮಧ್ಯಾಹ್ನ ಒರಗಿದರೆ ಮಂಚ ಮೆಲ್ಲಗೆ ತೇಲುತ್ತದೆ, ಗೋಡೆಯ ಮೇಲಿನ ಬಿಸಿಲು ನೀರಿನಂತೆ ಅಲುಗುತ್ತದೆ.

ಬೆಳಿಗ್ಗೆ ಮನೆಯೊಡತಿ, "ನಮ್ಮನೆಗೆ ಯಾವ ಬಣ್ಣ ಬಂತಮ್ಮಾ? ಮಗಳಿಗೆ ಅಂತ ಮೇಲೊಂದು ಮಹಡಿ ಎತ್ತಿಸ್ತಿದೀವಿ" ಎಂದರು.

"ನೀಲಿ" ಎಂದೆ.

"ಅಯ್ಯೋ, ನೀಲಿ ಅಂದ್ರೆ ಅವಳಿಗೆ ಪ್ರಾಣ!" ಎಂದು ಹಿಗ್ಗಿ ಒಳಗೆ ಹೋದರು. ನಾನು ಅದರ ಅರ್ಥ ಹೇಳದೆ ಕೋಣೆಗೆ ಬಂದುಬಿಟ್ಟೆ.

ಹಲ್ಲು ಗಟ್ಟಿಯಾಗಿವೆ, ಹೊಟ್ಟೆಯೂ ನೆಟ್ಟಗಿದೆ, ಚಿಂತೆ ಬೇಡ. ಇಗೋ, ಬಾಗಿಲಿಗೆ ಇಟ್ಟಿಗೆ ಲಾರಿ ಬಂತು. ಇಳಿಸುವ ಮುಂಚೆ ಹೋಗಿ ಹೇಳಿಬಿಡಬೇಕು.

ನಿನ್ನ ಮಣ್ಣುಬಾಯಿ